ಫ್ರಿಡ್ಜಿಗೊಂದು ನಲ್ಲಿ

ಅಮೆರಿಕದಲ್ಲಿರುವ ನಮ್ಮವರ ಮನೆಗೆ ಹೋದವರು ಗರಾಜಿನಲ್ಲಿ ಇಂಥದ್ದೊಂದನ್ನು ನೋಡಿರಬಹುದು. ಹಳೇ ಫ್ರಿಡ್ಜು, ಅದರ ಬಾಗಿಲಿನಿಂದ ಹೊರಕ್ಕೆ ಚಾಚಿಕೊಂಡ ಉಕ್ಕಿನ ನಲ್ಲಿ. ನಲ್ಲಿಯ ಹಿಡಿ ಎಳೆದರೆ ನೊರೆ ಸಮೇತ ತಣ್ಣನೆಯ ಬಿಯರು. ಒಳಗಿರುವುದು ಮನೆಯಲ್ಲೇ ಮಾಡಿದ ಬಿಯರ್ ತುಂಬಿದ ಕೆಗ್, ಅಂದರೆ ಸ್ಟೇನ್‌ಲೆಸ್ ಸ್ಟೀಲಿನ ಡ್ರಮ್ಮು. ಅದನ್ನು ನೂಕಲು ಪಕ್ಕದಲ್ಲೊಂದು ಗ್ಯಾಸಿನ ಸಿಲಿಂಡರು. ಕೆಗ್ಗಿಗೆ ರೆಫ್ರಿಜರೇಟರಿನ ಬಾಲ ಅಂಟಿಸಿ ಅವರು ಇದನ್ನು ಕೆಗರೇಟರ್ ಎನ್ನುತ್ತಾರೆ.

ಕಾಕ್ಕನಾಡಿನ ನಮ್ಮ ಬಾಡಿಗೆ ಮನೆಯ ಹಿಂಬದಿಯಲ್ಲೂ ಒಂದು ಕೆಗರೇಟರ್ ಇದೆ. ಅಡುಗೆಮನೆಯ ಆಚೆ, ಕೇರಳದವರು ‘ವರ್ಕ್ ಏರಿಯಾ’ ಎನ್ನುವ, ಮೂರು ಕಡೆ ಕಬ್ಬಿಣದ ಗ್ರಿಲ್ ಇರುವ ಜಾಗದಲ್ಲಿ. ಕೆಗ್ಗು, ಸಿಲಿಂಡರು, ನಲ್ಲಿ ಎಲ್ಲ ಅಲ್ಲಿಯವೇ ಥರ. ಬರುವುದು ಮಾತ್ರ ಸೋಡಾ. ಯಾಕೆ ಬಿಯರ್ ಅಲ್ಲ ಅಂತ ನೋಡಿದವರೆಲ್ಲ ಕೇಳುತ್ತಾರೆ. ಹೇಳುತ್ತೇನೆ, ಮೊದಲು ಫ್ರಿಡ್ಜಿನ ಕತೆ ಆಗಲಿ.

ಪುತ್ತೂರು ಬಿಟ್ಟು ಇನ್ಫೋಪಾರ್ಕಿನ ಕೆಲಸಕ್ಕೆಂದು 2011ರಲ್ಲಿ ಇಲ್ಲಿಗೆ ಬಂದಾಗ ಸೆಕೆಂಡ್ ಹ್ಯಾಂಡ್ ಕೊಂಡ ಒಂದು ಬಾಗಿಲಿನ ಫ್ರಿಡ್ಜು ಅದು. ಬೆನ್ನಿಗೆ ಕಪ್ಪು ಜಾಲರಿ ಇರುವ ಹಳೇ ಮಾದರಿ. ಹೊಸ ಫ್ರಿಡ್ಜು ಬಂದದ್ದು 2023ರ ಫೆಬ್ರವರಿಯಲ್ಲಿ. ಹಳೆಯದನ್ನು ಆಕ್ರಿಗೆ ಕೊಡುವುದೆಂದು ಮಾತಾಗಿತ್ತು. ಆಕ್ರಿ ಅಂದರೆ ಇಲ್ಲಿನ ಗುಜರಿ. ಅಷ್ಟರಲ್ಲಿ ಮಾರ್ಚ್ 2ರಂದು ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿತ್ತು. ಕೊಚ್ಚಿ ನಗರದ ಕಸವೆಲ್ಲ ಬಂದು ಬೀಳುತ್ತಿದ್ದ ಆ ಬ್ರಹ್ಮಪುರ ಇನ್ಫೋಪಾರ್ಕಿಗೆ ಹತ್ತಿರವೇ ಇದೆ. ಹತ್ತು ದಿನಕ್ಕೂ ಮೇಲೆ ಪ್ಲಾಸ್ಟಿಕ್ ಉರಿಯಿತು. ಕಿಟಕಿ ಮುಚ್ಚಿ, ಕೋವಿಡ್ ಕಾಲದ ಮಾಸ್ಕುಗಳನ್ನು ಮತ್ತೆ ಹುಡುಕಿ ಹಾಕಿಕೊಂಡು ಕೂತೆವು. ಶಾಲೆಗಳಿಗೆ ರಜೆ. ಆ ವಾರಗಳಲ್ಲಿ ಮನೆಯಿಂದ ಏನನ್ನಾದರೂ ಆಚೆ ಎಸೆಯುವಾಗ ಇದು ಎಲ್ಲಿಗೆ ಹೋಗುತ್ತದೆ ಅನ್ನುವ ಯೋಚನೆ ಬರದೇ ಇರುತ್ತಿರಲಿಲ್ಲ. ಫ್ರಿಡ್ಜಿನ ಗೋಡೆಯೊಳಗೆ ತುಂಬಿರುವುದು ಪಾಲಿಯುರೇಥೇನ್ ಫೋಮು. ಗುಜರಿಯವರಿಗೆ ಬೇಕಾದದ್ದು ತಾಮ್ರ ಮತ್ತು ಕಂಪ್ರೆಸರು. ಕೊಳವೆ ಕತ್ತರಿಸಿದ ಕೂಡಲೇ ಒಳಗಿನ ಗ್ಯಾಸು ಗಾಳಿಗೆ, ಫೋಮು ಎಲ್ಲಾದರೂ ರಾಶಿಗೆ. ಸರಿ, ಇರಲಿ ಎಂದು ಫ್ರಿಡ್ಜನ್ನು ವರ್ಕ್ ಏರಿಯಾಕ್ಕೆ ತಳ್ಳಿದೆವು. ತಣ್ಣಗೆ ಮಾಡುವ ಕೆಲಸವನ್ನು ಅದು ಇನ್ನೂ ಚೆನ್ನಾಗಿಯೇ ಮಾಡುತ್ತಿತ್ತು.

ಅದಕ್ಕೆ ನಲ್ಲಿ ಇಡುವ ಯೋಚನೆ ತಂದವನು ಬೆಂಗಳೂರಿನಿಂದ ನಮ್ಮ ಆಫೀಸಿಗೆ ವರ್ಗವಾಗಿ ಬಂದ ಗೆಳೆಯ. ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನಲ್ಲಿ 2010ರಲ್ಲಿ ಟಾಯ್ಟ್ ಬಾಗಿಲು ತೆರೆದ ಮೇಲೆ ಬೆಂಗಳೂರಿನ ಒಂದು ತಲೆಮಾರಿಗೆ ಅಲ್ಲೇ ಕುದಿಸಿ ಅಲ್ಲೇ ಹುದುಗಿಸಿದ ಬಿಯರಿನ ರುಚಿ ಹತ್ತಿದೆ. ಅವನೂ ಆ ಪೈಕಿ. ಕೊಚ್ಚಿಗೆ ಬಂದು ಬೆವ್ಕೋ ಕ್ಯೂನಲ್ಲಿ ನಿಲ್ಲುವುದು ಅವನಿಗೆ ಒಗ್ಗಲಿಲ್ಲ. ಬಾರ್ಲಿ ಮಾಲ್ಟು, ಹಾಪ್ಸು, ಯೀಸ್ಟು ಎಲ್ಲ ಆನ್‌ಲೈನಿನಲ್ಲಿ ಸಿಗುತ್ತವೆ, ಕೆಗ್ಗೂ ಸಿಗುತ್ತದೆ. ನಿನ್ನ ಹತ್ತಿರ ಫ್ರಿಡ್ಜ್ ಇದೆ, ನನ್ನ ಹತ್ತಿರ ರೆಸಿಪಿ ಇದೆ ಅಂದ.

“ಕೇರಳ ಮಾರಾಯ ಇದು,” ಅಂದೆ.

“ಮನೆ ಒಳಗೆ ಮಾಡಿದ್ರೆ ಯಾರ್ ಬಂದು ನೋಡ್ತಾರೆ ಗುರು?”

ಯಾರು ನೋಡುತ್ತಾರೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಆದರೆ ನೋಡಿದರೆ ಏನಾಗುತ್ತದೆ ಅಂತ ತಿಳಿದುಕೊಂಡ ಮೇಲೆ ನನಗೆ ಆ ಪ್ರಶ್ನೆ ಬೇಡವೆನಿಸಿತು. ಇಲ್ಲಿ ಜಾರಿಯಲ್ಲಿರುವ ಅಬಕಾರಿ ಕಾಯ್ದೆ ಕೊಚ್ಚಿ ಸಂಸ್ಥಾನದ ಕಾಲದ್ದು. ಮಲಯಾಳಂ ವರ್ಷ 1077ರ ಒಂದನೇ ಕಾಯ್ದೆ ಅಂತ ಈಗಲೂ ಕಾಗದದಲ್ಲಿ ಬರೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 1902. ಅದರಲ್ಲಿ ಮದ್ಯ ಅಂದರೆ ಸಾರಾಯಿ ಮಾತ್ರವಲ್ಲ, ಬಿಯರ್, ವೈನ್, ಕಳ್ಳು ಎಲ್ಲ ಸೇರುತ್ತವೆ. 55ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸಿದರೆ 10 ವರ್ಷದವರೆಗೆ ಜೈಲು, ಜೊತೆಗೆ 1 ಲಕ್ಷ ರೂಪಾಯಿಗೆ ಕಡಿಮೆ ಇಲ್ಲದ ದಂಡ. ತಯಾರಿಸುವ ಉದ್ದೇಶಕ್ಕೆಂದು ಪಾತ್ರೆ, ಸಾಮಗ್ರಿ, ಉಪಕರಣ ಇಟ್ಟುಕೊಳ್ಳುವುದೂ ಅದೇ ಕಲಮಿನಡಿ ಬರುತ್ತದೆ. ಅಂದರೆ ಬಿಯರ್ ಹುದುಗು ಬರುವ ಮುಂಚೆಯೇ ಅಪರಾಧ ಮುಗಿದಿರುತ್ತದೆ. ನನ್ನ ಮನೆ ಬಾಡಿಗೆಯದು. ಕೆಳಗಿನ ಮಹಡಿಯಲ್ಲಿ ಮಾಲೀಕರೇ ಇದ್ದಾರೆ, ಇಷ್ಟು ವರ್ಷದಲ್ಲಿ ಒಂದು ಸಲವೂ ಒರಟಾಗಿ ಮಾತಾಡದ ಜನ. ಅವರ ಮನೆಯ ಹಿತ್ತಿಲಿಗೆ ಅಬಕಾರಿ ಜೀಪು ತರಿಸುವ ಹಕ್ಕು ನನಗಿಲ್ಲ.

ಇದು ಹೆದರುಪುಕ್ಕಲುತನ ಅಂತ ಗೆಳೆಯ ನಕ್ಕ. ಕರ್ನಾಟಕದಲ್ಲೂ ಕತೆ ಬೇರೇನಲ್ಲ ಎಂದು ಅವನಿಗೆ ನೆನಪಿಸಬೇಕಾಯಿತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯೂ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸಲು ಬಿಡುವುದಿಲ್ಲ. ಮೈಕ್ರೋಬ್ರೂವರಿಯ ಲೈಸೆನ್ಸು ಹೋಟೆಲು, ರೆಸ್ಟೊರೆಂಟುಗಳಿಗೆ, ಬಾಲ್ಕನಿಗಳಿಗಲ್ಲ. ಕೇರಳದಲ್ಲಿ ಕಣ್ಣು ಸ್ವಲ್ಪ ಹೆಚ್ಚು ತೆರೆದಿರುತ್ತದೆ ಅಷ್ಟೆ. ಇಲ್ಲಿ ಬ್ರೂವರಿ ಅನ್ನುವ ಶಬ್ದವೇ ರಾಜಕೀಯ. 2018ರಲ್ಲಿ ಸರಕಾರ ಹೊಸ ಬ್ರೂವರಿಗಳಿಗೆ ಕೊಟ್ಟಿದ್ದ ಅನುಮತಿಯನ್ನು ಪ್ರತಿಪಕ್ಷದ ಗಲಾಟೆಯ ನಂತರ ಅಕ್ಟೋಬರಿನಲ್ಲಿ ವಾಪಸು ತೆಗೆದುಕೊಂಡಿತು. 2019ರ ಡಿಸೆಂಬರಿನಲ್ಲಿ ಅಬಕಾರಿ ಇಲಾಖೆ, ಕ್ರಿಸ್ಮಸ್‌ಗೆಂದು ಮನೆಯಲ್ಲಿ ವೈನ್ ಮಾಡುವುದೂ ಅಪರಾಧವೇ ಎಂದು ಸುತ್ತೋಲೆ ಹೊರಡಿಸಿತು. ಅಜ್ಜಿಯ ಕಾಲದಿಂದ ಭರಣಿಯಲ್ಲಿ ದ್ರಾಕ್ಷಿ ಹಾಕಿಡುವ ಕ್ರೈಸ್ತ ಮನೆಗಳಲ್ಲಿ ಅದು ದೊಡ್ಡ ಚರ್ಚೆಯಾಯಿತು. ಭರಣಿಯ ವೈನಿಗೇ ಹೀಗಾದರೆ 19 ಲೀಟರಿನ ಕೆಗ್ಗಿಗೆ ಹೇಗಾದೀತು?

ಈ ನಿಯಮ ಸರಿಯೇ ಅಂದರೆ, ನನ್ನ ಮಟ್ಟಿಗೆ ಸರಿಯಿಲ್ಲ. ಮಾರಾಟಕ್ಕಲ್ಲದ, ಮನೆಯವರೇ ಕುಡಿಯುವ ಬಿಯರಿಗೂ ಕಳ್ಳಭಟ್ಟಿಗೂ ಒಂದೇ ಶಿಕ್ಷೆ ಎನ್ನುವುದು ವಿಚಿತ್ರ. ಅಮೆರಿಕದಲ್ಲೂ ಮದ್ಯನಿಷೇಧ ಹೋದ ಮೇಲೆ ದಶಕಗಟ್ಟಲೆ ಮನೆಬಿಯರು ಕಾನೂನುಬಾಹಿರವಾಗಿಯೇ ಇತ್ತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಮೇಲೆ ಕೇಂದ್ರದ ತೊಡಕು ಹೋಯಿತು. ಮಿಸಿಸಿಪ್ಪಿ, ಅಲಬಾಮಾಗಳು ಒಪ್ಪಿಕೊಂಡದ್ದು 2013ರಲ್ಲಿ. ಇವತ್ತಿನ ಗರಾಜು ಕೆಗರೇಟರುಗಳೆಲ್ಲ ಆ ಸಹಿಯ ಮಕ್ಕಳು. ನಮ್ಮಲ್ಲೂ ಅಂಥ ಸಹಿ ಬೀಳುವ ತನಕ ನಾನು ಕಾಯುತ್ತೇನೆ. ಫ್ರಿಡ್ಜು ಕಾಯಬೇಕಾಗಿಲ್ಲವಲ್ಲ.

ಹೀಗೆ ಸೋಡಾ ಎಂದಾಯಿತು. ಬಿಯರಿನ ಯಂತ್ರಕ್ಕೆ ಸೋಡಾ ತುಂಬುವುದು ಅವಮಾನವೇನೂ ಅಲ್ಲ, ಸಂಬಂಧ ಹಳೆಯದು. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಿಯರ್ ಭಟ್ಟಿಯ ಪಕ್ಕದ ಮನೆಯಲ್ಲಿದ್ದ. ಹುದುಗುವ ಬಿಯರಿನ ತೊಟ್ಟಿಯ ಮೇಲೆ ನಿಲ್ಲುವ ಗಾಳಿಯನ್ನು ನೀರಿಗೆ ಸೇರಿಸಿ 1767ರ ಸುಮಾರಿಗೆ ಚುರುಕು ನೀರು ಮಾಡಿದ. ಮಾಡುವ ವಿಧಾನವನ್ನು 1772ರಲ್ಲಿ ಪುಸ್ತಕವಾಗಿಯೂ ಹಾಕಿಸಿದ. ಕೆಗ್ಗಿನ ಕತೆ ಇನ್ನೂ ತಮಾಷೆ. ಮನೆಬಿಯರಿನವರು ಬಳಸುವ, ಕಾರ್ನಿ ಅಂತ ಕರೆಯುವ 19 ಲೀಟರಿನ ಸಪೂರ ಕೆಗ್ಗು ಬಿಯರಿಗೆಂದು ಹುಟ್ಟಿದ್ದೇ ಅಲ್ಲ. ಕಾರ್ನೆಲಿಯಸ್ ಕಂಪನಿ ಅದನ್ನು ಮಾಡಿದ್ದು ಕೋಕಾಕೋಲಾ, ಪೆಪ್ಸಿಯ ಸಿರಪ್ಪು ಸಾಗಿಸಲು. ಆಮೇಲೆ ಸಿರಪ್ಪು ರಟ್ಟಿನ ಪೆಟ್ಟಿಯೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿತು, ಕೆಲಸವಿಲ್ಲದ ಸಾವಿರಾರು ಕೆಗ್ಗುಗಳು ಅಗ್ಗಕ್ಕೆ ಮನೆಬಿಯರಿನವರ ಪಾಲಾದವು. ನಮ್ಮ ಮನೆಯಲ್ಲಿ ಅದು ತವರಿಗೆ ಬಂದಂತಾಗಿದೆ.

ಇನ್ನು ಕೆಲಸ. ಹಳೇ ಫ್ರಿಡ್ಜಿಗೆ ತೂತು ಕೊರೆಯುವ ಮುಂಚೆ ಅದರ ಬೆನ್ನಿನ ಅಥವಾ ಒಳಗೋಡೆಯ ತಗಡಿನ ಚೀಟಿ ಓದಿ. ಒಳಗಿರುವ ಗ್ಯಾಸು ಯಾವುದೆಂದು ಅಲ್ಲಿ ಬರೆದಿರುತ್ತದೆ. ತೀರಾ ಹಳೆಯವಾದರೆ ಆರ್-12, ಓಜೋನ್ ಪದರಕ್ಕೆ ತೂತು ಮಾಡುತ್ತಿದ್ದ ಗ್ಯಾಸು. ಅದನ್ನು ಬಿಟ್ಟು ದಶಕಗಳಾದವು. ಆಮೇಲಿನವಾದರೆ ಆರ್-134ಎ. ಇದು ಹತ್ತಿಕೊಳ್ಳುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಈಚೆಗಿನ ಫ್ರಿಡ್ಜುಗಳಲ್ಲಿ ಇರುವುದು ಆರ್-600ಎ, ಅಂದರೆ ಐಸೊಬ್ಯುಟೇನ್. ಅಡುಗೆ ಗ್ಯಾಸಿನ ದಾಯಾದಿ. ಇರುವುದು ಕೆಲವೇ ಗ್ರಾಂ, ಆದರೂ ಬೆಂಕಿ ಹತ್ತುವ ಗ್ಯಾಸು ಬೆಂಕಿ ಹತ್ತುವ ಗ್ಯಾಸೇ. ಬೈರಿಗೆಯ ಮೊನೆ ಅದರ ಕೊಳವೆಗೆ ತಾಗಿ ಮೋಟಾರಿನ ಕಿಡಿ ಸೇರಿದರೆ ಕತೆ ಮುಗಿಯಿತು. ನಮ್ಮದು 134ಎ.

ಕೊಳವೆ ಎಲ್ಲಿ ಹಾದುಹೋಗಿದೆ ಎಂಬುದು ಎರಡನೇ ಪ್ರಶ್ನೆ. ಬೆನ್ನಿಗೆ ಕಪ್ಪು ಜಾಲರಿ ಇದ್ದರೆ ಬಿಸಿ ಕೊಳವೆ ಅಲ್ಲೇ ಕಣ್ಣಿಗೆ ಕಾಣುತ್ತದೆ. ಜಾಲರಿ ಇಲ್ಲದ ಹೊಸ ಮಾದರಿಗಳಲ್ಲಿ ಅದು ಪಕ್ಕದ ಗೋಡೆಗಳ ತಗಡಿನ ಹಿಂದೆ ಅಡಗಿರುತ್ತದೆ. ಫ್ರಿಡ್ಜು ಓಡುವಾಗ ಅಂಗೈ ಇಟ್ಟು ನೋಡಿದರೆ ಬಿಸಿ ತಾಗುತ್ತದೆ. ಎಡಚ್ಚಿರದ ಕಡೆಯಿಂದ ಬಂದ ಮೆಕಾನಿಕ್ ಚೇಟ್ಟ ಎಲ್ಲ ಕಡೆ ಕೈಯಾಡಿಸಿ “ಸೈಡಿಲ್ ತೊಡಂಡ, ಡೋರಿಲ್ ಮದಿ” ಎಂದ. ಪಕ್ಕಕ್ಕೆ ಕೈಹಾಕಬೇಡ, ಬಾಗಿಲು ಸಾಕು. ಇಂಥ ಸಾದಾ ಫ್ರಿಡ್ಜಿನ ಬಾಗಿಲೊಳಗೆ ಫೋಮು ಬಿಟ್ಟರೆ ಇನ್ನೇನೂ ಇಲ್ಲ. ಹಾಗಾಗಿ ನಲ್ಲಿಗೆ ಅದೇ ಜಾಗ. ಗ್ಯಾಸಿನ ಸಪೂರ ಪೈಪಿಗೂ ಬೇರೆ ತೂತು ಕೊರೆಯಲಿಲ್ಲ, ನಲ್ಲಿಯ ಪಕ್ಕದಲ್ಲೇ ಬಾಗಿಲಿನಿಂದ ಒಳಗೆ ಹೋಗುತ್ತದೆ. ನೋಡಲು ಅಷ್ಟು ಚಂದವಿಲ್ಲ.

ಕೆಗ್ಗು ಹಿಡಿಯುತ್ತದೋ ಇಲ್ಲವೋ ಎಂದು ರಟ್ಟಿನಲ್ಲಿ ಮೊದಲು ನೋಡಿಕೊಳ್ಳಿ. ಸುಮಾರು 22 ಸೆಂಟಿಮೀಟರ್ ಅಡ್ಡಗಲ, 63 ಎತ್ತರ. ಮೇಲೆ ಪೈಪಿನ ಕೊಂಡಿಗಳಿಗೆ ಇನ್ನೊಂದು ಗೇಣು ಬೇಡ, ನಾಲ್ಕು ಬೆರಳಾದರೂ ಬೇಕು. ಒಂದು ಬಾಗಿಲಿನ ಫ್ರಿಡ್ಜಿನ ತಳದಲ್ಲಿ ಹಿಂದುಗಡೆ ಕಂಪ್ರೆಸರಿನ ಮೆಟ್ಟಿಲು ಇರುತ್ತದೆ, ಮೇಲೆ ಫ್ರೀಜರಿನ ಪೆಟ್ಟಿಗೆ. ಎರಡರ ಮಧ್ಯೆ ಜಾಗ ಹೊಂದಿಸಲು ಕೆಲವರು ಆ ಅಲ್ಯೂಮಿನಿಯಂ ಪೆಟ್ಟಿಗೆಯನ್ನೇ ಬಗ್ಗಿಸುತ್ತಾರೆ. ಅದರ ಗೋಡೆಯೇ ಗ್ಯಾಸಿನ ಕೊಳವೆ. ಬಗ್ಗಿಸಿ ಬಿರುಕು ಬಿಟ್ಟರೆ ಫ್ರಿಡ್ಜು ಕಪಾಟಾಗುತ್ತದೆ. ನಾವು ಪೆಟ್ಟಿಗೆ ಮುಟ್ಟದೆ, ಬಾಗಿಲಿನ ಒಳಮೈಯಲ್ಲಿದ್ದ ಮೊಟ್ಟೆ, ಬಾಟಲಿಗಳ ತಟ್ಟೆಗಳನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಚಪ್ಪಟೆ ಪ್ಲಾಸ್ಟಿಕ್ ಹಲಗೆ ಕೂರಿಸಿದೆವು. ಮೆಟ್ಟಿಲಿನ ಮುಂದೆ ಕೆಗ್ಗು ನೆಟ್ಟಗೆ ನಿಂತಿತು. ತುಂಬಿದ ಕೆಗ್ಗು 23 ಕಿಲೋ ತೂಗುತ್ತದೆ, ಅಡಿಗೆ ದಪ್ಪ ಪ್ಲೈವುಡ್ ಹಾಕದಿದ್ದರೆ ಫ್ರಿಡ್ಜಿನ ತಳ ಸೀಳುತ್ತದೆ.

ಬಾಗಿಲಿನ ತೂತು ಕೊರೆದದ್ದು ಹೋಲ್-ಸಾದಲ್ಲಿ, ಸುಮಾರು ಒಂದಿಂಚು. ಹೊರಗಿನ ತಗಡನ್ನು ಹೊರಗಿನಿಂದ, ಒಳಗಿನ ಪ್ಲಾಸ್ಟಿಕನ್ನು ಟೇಪ್ ಅಂಟಿಸಿಕೊಂಡು ಒಳಗಿನಿಂದ. ಒಂದೇ ಕಡೆಯಿಂದ ನುಗ್ಗಿಸಿದರೆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಒಡೆಯುತ್ತದೆ ಅಂತ ಚೇಟ್ಟ ಮೊದಲೇ ಹೇಳಿದ್ದ. ನಲ್ಲಿ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಹೊಳೆಯುವ ಹಿತ್ತಾಳೆಯ ನಲ್ಲಿಗಳು ಅಗ್ಗಕ್ಕೆ ಸಿಗುತ್ತವೆ. ಆದರೆ ಸೋಡಾ ಹುಳಿ ನೀರು. ಹಿತ್ತಾಳೆಯೊಳಗೆ ರಾತ್ರಿಯಿಡೀ ನಿಂತರೆ ತಾಮ್ರ ಕರಗಿಸಿಕೊಳ್ಳುತ್ತದೆ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಇಡಬಾರದೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಇದನ್ನೇ.

ಫ್ರಿಡ್ಜಿನ ಸ್ವಂತ ಥರ್ಮೋಸ್ಟಾಟು ಅಂದಾಜಿನ ಗಿರಾಕಿ. ಅದರ ಬದಲು ಪ್ಲಗ್ಗಿಗೂ ಫ್ರಿಡ್ಜಿಗೂ ಮಧ್ಯೆ ಒಂದು ಡಿಜಿಟಲ್ ಕಂಟ್ರೋಲರ್ ಹಾಕಿದ್ದೇವೆ. ಅದರ ಸೆನ್ಸರ್ ತಂತಿಯನ್ನು ಗಾಳಿಯಲ್ಲಿ ನೇತು ಹಾಕದೆ ನೀರು ತುಂಬಿದ ಚಿಕ್ಕ ಬಾಟಲಿಯಲ್ಲಿ ಮುಳುಗಿಸಿಡಬೇಕು. ಇಲ್ಲವಾದರೆ ಬಾಗಿಲು ತೆರೆದಾಗಲೆಲ್ಲ ಕೊಚ್ಚಿಯ ಸೆಕೆ ಒಳನುಗ್ಗಿ ಕಂಪ್ರೆಸರ್ ಗಡಬಡಿಸಿ ಏಳುತ್ತದೆ. ನಿಂತ ಕಂಪ್ರೆಸರ್ ಮತ್ತೆ ಶುರುವಾಗಲು ಕೆಲವು ನಿಮಿಷದ ಬಿಡುವು ಬೇಕು, ಕಂಟ್ರೋಲರಿನಲ್ಲಿ ಅದನ್ನೂ ಹೊಂದಿಸಬಹುದು. ಒದ್ದೆ ಜಾಗ, ಲೋಹದ ನಲ್ಲಿ, ಬರಿಗಾಲು: ಅರ್ತಿಂಗ್ ಸರಿಯಿದೆಯೇ, ಇಎಲ್‌ಸಿಬಿ ಟ್ರಿಪ್ ಆಗುತ್ತದೆಯೇ ಎಂದು ಎಲೆಕ್ಟ್ರಿಶಿಯನ್‌ನಿಂದ ನೋಡಿಸದೆ ಸ್ವಿಚ್ ಹಾಕಬೇಡಿ.

ಇಷ್ಟು ತಣ್ಣಗೆ ಯಾಕೆ ಅಂದರೆ, ನೀರು ಗ್ಯಾಸನ್ನು ಹಿಡಿದಿಟ್ಟುಕೊಳ್ಳುವುದು ತಂಪಿನಲ್ಲಿ. ಸಾಮಾನ್ಯ ಒತ್ತಡದಲ್ಲಿ, ಸೊನ್ನೆ ಡಿಗ್ರಿಯಲ್ಲಿ ಒಂದು ಲೀಟರ್ ನೀರು 1.7 ಲೀಟರಿನಷ್ಟು ಇಂಗಾಲದ ಡೈಆಕ್ಸೈಡನ್ನು ನುಂಗುತ್ತದೆ. 30 ಡಿಗ್ರಿಯಲ್ಲಿ 0.7 ಲೀಟರೂ ಇಲ್ಲ. ತಣ್ಣಗಾಗದ ಗೋಲಿ ಸೋಡಾ ಒಡೆದ ಕೂಡಲೇ ಅರ್ಧ ಗ್ಯಾಸು ಬುಸ್ಸೆಂದು ಹೋಗಿ, ಗ್ಲಾಸಿನ ಕೊನೆಗೆ ಉಪ್ಪುನೀರಿನ ಹಾಗೆ ಉಳಿಯುವುದು ಅದಕ್ಕೇ. ಬಿಯರಿಗೆ ಅದರ ಗಾತ್ರದ ಎರಡೂವರೆ ಪಟ್ಟು ಗ್ಯಾಸು ಸಾಕು. ಸೋಡಾ ನಾಲಿಗೆಗೆ ಚುರುಕೆನ್ನಬೇಕಾದರೆ ನಾಲ್ಕು ಪಟ್ಟು ಬೇಕು. 3 ಡಿಗ್ರಿಯಲ್ಲಿ ಬಿಯರಿಗೆ ಸುಮಾರು 12 ಪಿಎಸ್‌ಐ ಒತ್ತಡವಾದರೆ ಸೋಡಾಕ್ಕೆ 30. ಒತ್ತಡ ಕೊಟ್ಟು ಒಂದು ವಾರ ಸುಮ್ಮನೆ ಬಿಟ್ಟರೆ ತಾನಾಗಿ ಕರಗುತ್ತದೆ, ಅವಸರವಿದ್ದವರು ಕೆಗ್ಗನ್ನು ಮಗು ತೂಗಿದ ಹಾಗೆ ಕಾಲ ಮೇಲೆ ಮಲಗಿಸಿ ಅಲ್ಲಾಡಿಸುತ್ತಾರೆ.

ನೀರನ್ನು ಕುದಿಸಿ ಆರಿಸಿಯೇ ತುಂಬುವುದು. ಕಾಕ್ಕನಾಡಿನಲ್ಲಿ ಟ್ಯಾಂಕರ್ ನೀರು ಕುಡಿದು ಬದುಕುವವರಿಗೆ ಕಾರಣ ಹೇಳಬೇಕಾಗಿಲ್ಲ. 2024ರ ಜೂನಿನಲ್ಲಿ ಇಲ್ಲಿನ ಒಂದು ದೊಡ್ಡ ಫ್ಲಾಟ್ ಸಮುಚ್ಚಯದಲ್ಲಿ ನೀರು ಕೆಟ್ಟು ನೂರಾರು ಮಂದಿ ವಾಂತಿ ಭೇದಿಯಿಂದ ಮಲಗಿದ್ದರು. ಕುದಿಸುವುದರಿಂದ ಇನ್ನೊಂದು ಲಾಭವೂ ಇದೆ. ನೀರಿನಲ್ಲಿ ಕರಗಿರುವ ಮಾಮೂಲಿ ಗಾಳಿ ಹೊರಟುಹೋಗುತ್ತದೆ, ಸೋಡಾ ನೊರೆಗಟ್ಟುವುದು ಕಡಿಮೆಯಾಗುತ್ತದೆ.

ಇನ್ನು ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡ ವಿಷಯ, ಸಿಲಿಂಡರು. ಅಮ್ಮ ವರ್ಷದಲ್ಲಿ ನಾಲ್ಕು ತಿಂಗಳು ನಮ್ಮ ಜೊತೆ ಇರುತ್ತಾರೆ, ಅವರು ಮಲಗುವ ಕೋಣೆಯ ಬಾಗಿಲು ಅಡುಗೆಮನೆಗೇ ತೆರೆದುಕೊಳ್ಳುತ್ತದೆ. ಫ್ರಿಡ್ಜನ್ನು ಅಡುಗೆಮನೆಯಲ್ಲೇ ಇಟ್ಟರೆ ನಲ್ಲಿ ಕೈಗೆ ಹತ್ತಿರ ಅನ್ನುವುದು ಮನೆಯಲ್ಲಿ ಎಲ್ಲರ ಅಭಿಪ್ರಾಯವಾಗಿತ್ತು. ಕಾಗದ ಪೆನ್ನು ಹಿಡಿದು ಕೂತೆ. ನಮ್ಮ ಅಡುಗೆಮನೆ 8 ಅಡಿ ಉದ್ದ, 8 ಅಗಲ, 9 ಎತ್ತರ, ಅಂದರೆ ಸುಮಾರು 16 ಘನ ಮೀಟರ್ ಗಾಳಿ. ಸಿಲಿಂಡರಿನಲ್ಲಿರುವುದು 2 ಕಿಲೋ ಗ್ಯಾಸು. ಅದಷ್ಟೂ ರಾತ್ರಿ ಸೋರಿದರೆ ಒಂದು ಘನ ಮೀಟರಿಗೆ ಸ್ವಲ್ಪ ಮೇಲಾಗುತ್ತದೆ. ಮುಚ್ಚಿದ ಅಡುಗೆಮನೆಯ ಗಾಳಿಯಲ್ಲಿ ಶೇಕಡಾ 6ರಿಂದ 7. ಕೆಲಸದ ಜಾಗಗಳಲ್ಲಿ ಎಂಟು ಗಂಟೆಗೆ ಒಪ್ಪಿಗೆ ಇರುವುದು ಶೇಕಡಾ ಅರ್ಧ. ಶೇಕಡಾ 4ನ್ನು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಜೀವಕ್ಕೇ ಅಪಾಯ ಎಂದು ಗುರುತಿಸಿದೆ. ಅಡುಗೆ ಗ್ಯಾಸಿಗಿರುವ ನಾತ ಇದಕ್ಕಿಲ್ಲ. ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಚಾಪೆ ಹಾಸಿ ಮಲಗುವ ಅಮ್ಮನ ಕೋಣೆ ಅಡುಗೆಮನೆಗಿಂತ ಒಂದು ಮೆಟ್ಟಿಲು ಕೆಳಗೆ.

ಲೆಕ್ಕ ತೋರಿಸಿದ ಮೇಲೆ ಯಾರೂ ಮಾತಾಡಲಿಲ್ಲ. ಫ್ರಿಡ್ಜು, ಸಿಲಿಂಡರು ಎರಡೂ ಗ್ರಿಲ್ಲಿನ ಗಾಳಿ ಆಡುವ ವರ್ಕ್ ಏರಿಯಾದಲ್ಲೇ ಉಳಿದವು. ಬೆಂಗಳೂರು, ಮುಂಬೈಗಳ ಫ್ಲಾಟಿನಲ್ಲಿ ಏಸಿ ಹಾಕಿ ಕಿಟಕಿ ಮುಚ್ಚಿ ಮಲಗುವವರು ಈ ಲೆಕ್ಕವನ್ನು ತಮ್ಮ ಮನೆಯ ಅಳತೆ ಹಾಕಿ ಮತ್ತೊಮ್ಮೆ ಮಾಡಿಕೊಳ್ಳಿ. ಗಾಳಿ ಆಡುವ ಜಾಗ ಇಲ್ಲದಿದ್ದರೆ ಈ ಕೆಲಸಕ್ಕೇ ಇಳಿಯಬೇಡಿ, ಬಾಟಲಿ ಸೋಡಾ ಕುಡಿದುಕೊಂಡು ಹಾಯಾಗಿರಿ.

ಸಿಲಿಂಡರಿಗೆ ಬಿಸಿಲೂ ಆಗುವುದಿಲ್ಲ. ಒಳಗೆ ಗ್ಯಾಸು ದ್ರವವಾಗಿ ಕೂತಿರುತ್ತದೆ. 30 ಡಿಗ್ರಿಯಲ್ಲಿ ಒತ್ತಡ ಸಾವಿರ ಪಿಎಸ್‌ಐ ದಾಟುತ್ತದೆ. 31 ಡಿಗ್ರಿ ಮೀರಿದರೆ ದ್ರವ ಅನ್ನುವುದೇ ಇರುವುದಿಲ್ಲ, ಒತ್ತಡ ಒಂದೇ ಸಮನೆ ಏರುತ್ತದೆ. ಕೊಚ್ಚಿಯ ಏಪ್ರಿಲಿನಲ್ಲಿ 31 ಡಿಗ್ರಿ ಎಂದರೆ ಬೆಳಗಿನ ತಿಂಡಿಯ ಹೊತ್ತು. ಆದ್ದರಿಂದ ನೆರಳಲ್ಲಿ, ನೆಟ್ಟಗೆ, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ್ದೇವೆ. ತುಂಬಿಸಿ ತರುವಾಗ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗುವ ಹಾಗಿಲ್ಲ. ಕುತ್ತಿಗೆಯ ಮೇಲೆ ಪರೀಕ್ಷೆಯ ತಾರೀಕು ಕೊರೆದಿರುತ್ತದೆ, ಅದನ್ನು ಓದಿ. ಗ್ಯಾಸು ಆಹಾರಕ್ಕೆ ಯೋಗ್ಯವಾದದ್ದೇ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವೆಲ್ಡಿಂಗಿನವರಿಗೆ ಕೊಡುವ ಗ್ಯಾಸು, ಬೆಂಕಿ ಆರಿಸುವ ಹಳೇ ಸಿಲಿಂಡರು ಇವೆಲ್ಲ ಬೇಡವೇ ಬೇಡ. ಪ್ರತಿ ಕೊಂಡಿಗೂ ಸಾಬೂನು ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು ನಮ್ಮ ಮನೆಯ ಭಾನುವಾರದ ಪದ್ಧತಿ. ಮಗಳಿಗೆ ಬಲು ಇಷ್ಟದ ಕೆಲಸ.

ಇಷ್ಟೆಲ್ಲ ಆದ ಮೇಲೂ ಮೊದಲ ಗ್ಲಾಸಿಗೆ ಬಂದದ್ದು ಬರೀ ನೊರೆ, ಶೇವಿಂಗ್ ಕ್ರೀಮಿನ ಹಾಗೆ. ಇದು ನಿರೀಕ್ಷಿಸಿದ್ದೇ. ಕೆಗ್ಗಿನಲ್ಲಿ 30 ಪಿಎಸ್‌ಐ, ನಲ್ಲಿಯ ಬಾಯಿಯಲ್ಲಿ ಸೊನ್ನೆ. ಅಷ್ಟು ಎತ್ತರದಿಂದ ಒಮ್ಮೆಲೇ ಬಿದ್ದ ಸೋಡಾ ಒಡೆದು ಗ್ಯಾಸನ್ನೆಲ್ಲ ಕಾರಿಬಿಡುತ್ತದೆ. ಒತ್ತಡ ಮೆಲ್ಲಗೆ ಇಳಿಯಬೇಕಾದರೆ ಕೊಳವೆ ಸಪೂರವಾಗಿರಬೇಕು, ಉದ್ದವಾಗಿರಬೇಕು. 5 ಮಿಲಿಮೀಟರ್ ಒಳಬಾಯಿಯ ಕೊಳವೆ ಬಿಯರಿಗೆ 3 ಮೀಟರ್ ಸಾಕಾಗುತ್ತದೆ. ಸೋಡಾಕ್ಕೆ 8, 9 ಮೀಟರ್ ಬೇಕು. ಅಂಗಡಿಯ ಕಿಟ್ಟಿನ ಜೊತೆ ಬರುವುದು ಬಿಯರಿನ ಅಳತೆ. ಅದನ್ನು ತೆಗೆದು 9 ಮೀಟರಿನದು ಹಾಕಿ, ಕೆಗ್ಗಿನ ತಲೆಯ ಮೇಲೆ ಸಿಂಬೆಯ ಹಾಗೆ ಸುತ್ತಿಟ್ಟೆವು. ಈಗ ಸಣ್ಣ ಧಾರೆಯಾಗಿ, ಅವಸರವಿಲ್ಲದೆ ಬರುತ್ತದೆ. ಬೆಳಗಿನ ಮೊದಲ ಗುಟುಕು ಮಾತ್ರ ಇವತ್ತಿಗೂ ನೊರೆಯೇ. ಬಾಗಿಲಿನ ನಲ್ಲಿ ರಾತ್ರಿಯಿಡೀ ಹೊರಗಿನ ಸೆಕೆಯಲ್ಲಿ ಬಿಸಿಯಾಗಿರುತ್ತದಲ್ಲ. ಅದು ಗಿಡಕ್ಕೆ.

ಕೆಗ್ಗಿಗೆ ಸಾದಾ ಸೋಡಾ ಬಿಟ್ಟು ಬೇರೇನೂ ಹಾಕುವುದಿಲ್ಲ. ಸಕ್ಕರೆ ಹಾಕಿದರೆ ಕೊಳವೆಯಲ್ಲಿ ಬೂಸ್ಟು ಬರುತ್ತದೆ, ನಲ್ಲಿ ಅಂಟಿಕೊಳ್ಳುತ್ತದೆ. ಕರೆಂಟು ಹೋಗಿ ಬೆಚ್ಚಗಾದರೆ ಗಾಳಿಯ ಯೀಸ್ಟು ಸೇರಿ ಹುದುಗಲೂಬಹುದು. ಬೇಡವೆಂದು ಬಿಟ್ಟ ಕೆಲಸ ತಾನಾಗಿ ಆಗುವುದು ನಮಗೆ ಬೇಡ. ರುಚಿಯೆಲ್ಲ ಗ್ಲಾಸಿಗೆ. ಊರಿನಿಂದ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಬರುವ ಪುನರ್ಪುಳಿ ಸಿರಪ್ಪು ಎರಡು ಚಮಚ, ಚಿಟಿಕೆ ಉಪ್ಪು, ಮೇಲೆ ಸೋಡಾ. ಪುನರ್ಪುಳಿಯ ಕೆಂಪು ನೊರೆಯಲ್ಲಿ ಮೇಲೇರುವಾಗ ನೋಡಲು ಬಲು ಚಂದ. ಮಲಯಾಳಿಗಳಿಗೆ ಇದು ಅಚ್ಚರಿ, ಅವರ ಕುಡಂಪುಳಿ ಮೀನಿನ ಸಾರಿಗೆ ಸೇರುವ ಇನ್ನೊಂದು ಜಾತಿಯದು. ಅವರು ಕಲಿಸಿಕೊಟ್ಟದ್ದು ನನ್ನಾರಿ, ನಮ್ಮ ಸೊಗದೆಬೇರಿನ ಶರಬತ್ತು, ಮತ್ತೆ ಕುಲುಕ್ಕಿ. ಲಿಂಬೆ, ಸಕ್ಕರೆ ಪಾಕ, ನೆನೆಸಿದ ಕಾಮಕಸ್ತೂರಿ ಬೀಜ, ಸೀಳಿದ ಹಸಿಮೆಣಸು ಹಾಕಿ ಕುಲುಕಿ, ಕೊನೆಗೆ ಸೋಡಾ ಬಿಟ್ಟರೆ ಬೆವರುವ ಸಂಜೆಗೆ ಅದಕ್ಕಿಂತ ಬೇರೆ ಬೇಡ. ಅಮ್ಮನಿಗೆ ಮಾತ್ರ ಸೋಡಾ ಅಂದರೆ ಹೊಟ್ಟೆ ಉಬ್ಬರದ ಔಷಧಿ. ಅರ್ಧ ಗ್ಲಾಸು, ಜೀರಿಗೆ ಪುಡಿ, ಕಣ್ಣು ಮುಚ್ಚಿ ಒಂದೇ ಗುಟುಕು.

ಇದರಿಂದ ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಗ್ಗು, ರೆಗ್ಯುಲೇಟರು, ನಲ್ಲಿ ಸೇರಿದರೆ ಹೊಸ ಫ್ರಿಡ್ಜಿನ ಬೆಲೆಗೆ ಬಂದು ನಿಲ್ಲುತ್ತದೆ. ಹಳೇ ಫ್ರಿಡ್ಜು ಕರೆಂಟು ಕುಡಿಯುವುದೂ ಜಾಸ್ತಿ. ಇಲ್ಲಿನ ಕೆಎಸ್‌ಇಬಿ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ, ದಿನಕ್ಕೆ ಒಂದು ಯೂನಿಟ್ ಹೆಚ್ಚಾದರೂ ಬಿಲ್ಲಿಗೆ 60 ಯೂನಿಟ್ಟು ಸೇರಿ ಮೇಲಿನ ಸ್ಲಾಬಿಗೆ ಜಾರುತ್ತೀರಿ. ಹಾಗಾಗಿ ಜೂನಿನಿಂದ ಆಗಸ್ಟಿನ ಮಳೆಯಲ್ಲಿ ಕೆಗ್ಗು ತೊಳೆದು ಕವುಚಿಟ್ಟು ಫ್ರಿಡ್ಜಿನ ಬಾಗಿಲು ತೆರೆದು ಬಿಡುತ್ತೇವೆ. ಆ ತಿಂಗಳುಗಳಲ್ಲಿ ಅದರೊಳಗೆ ಚಪ್ಪಲಿ ಒಣಗುತ್ತದೆ ಅನ್ನುವುದು ಮನೆಯ ಗುಟ್ಟು.

ಗೆಳೆಯ ಈಗಲೂ ಶನಿವಾರ ಬರುತ್ತಾನೆ. ತನ್ನ ಬಿಯರ್ ಗ್ಲಾಸು ತಾನೇ ತರುತ್ತಾನೆ, ಹಿಡಿ ಇರುವ ದಪ್ಪ ಗಾಜಿನದು, ಅದಕ್ಕೆ ಪುನರ್ಪುಳಿ ಸೋಡಾ ತುಂಬಿಸಿಕೊಂಡು ಗ್ರಿಲ್ಲಿನ ಪಕ್ಕ ಕೂರುತ್ತಾನೆ. ಕಾನೂನು ಬದಲಾದ ದಿನ ಈ ಕೊಳವೆ 3 ಮೀಟರಿಗೆ ಕತ್ತರಿಸಬೇಕು ಎಂದು ಪ್ರತಿ ಸಲ ನೆನಪಿಸುತ್ತಾನೆ. 19 ಲೀಟರ್ ಸೋಡಾಕ್ಕೆ 150 ಗ್ರಾಂ ಗ್ಯಾಸು ಕರಗುತ್ತದೆ, ನೂಕುವುದಕ್ಕೆ ಇನ್ನಷ್ಟು. 2 ಕಿಲೋ ಸಿಲಿಂಡರು ಏಳೆಂಟು ಕೆಗ್ಗಿಗೆ ಬರುತ್ತದೆ. ಎಷ್ಟು ಉಳಿದಿದೆ ಎಂದು ಗೇಜಿನ ಮುಳ್ಳು ನೋಡಿ ತಿಳಿಯುವ ಹಾಗಿಲ್ಲ. ಒಳಗೆ ಒಂದು ತೊಟ್ಟು ದ್ರವ ಇರುವ ತನಕ ಮುಳ್ಳು ಅಲ್ಲಾಡುವುದಿಲ್ಲ, ಆಮೇಲೆ ಒಂದೇ ದಿನದಲ್ಲಿ ಬೀಳುತ್ತದೆ. ತಕ್ಕಡಿಗೆ ನೇತು ಹಾಕಿಯೇ ನೋಡಬೇಕು. ನಿನ್ನೆ ತೂಗಿದಾಗ 600 ಗ್ರಾಂ ಉಳಿದಿತ್ತು. ಓಣಂಗೆ ಮಾಲೀಕರ ಮನೆಗೆ ನೆಂಟರು ಬರುತ್ತಾರಂತೆ, ಎರಡು ಕೆಗ್ ಬೇಕು ಅಂದಿದ್ದಾರೆ.